ಮಧೂರಿನಲ್ಲಿರುವ ‘ಊರು’

ಶಿಷ್ಯೆ: ಮಾಷ್ಟ್ರೇ, ಒಂದು ಸೊನ್ನೆಗೆ ನೀವೆಲ್ಲ ಯಾಕೆ ಅಷ್ಟು ನೊಂದುಕೊಂಡಿರಿ ಅಂತ ನನ್ನ ಮಲಯಾಳಿ ಗೆಳತಿ ಕೇಳಿದಳು. 2021ರ ಜೂನಿನ ಸುದ್ದಿ ಅವಳ ನೆನಪಿನಲ್ಲಿತ್ತು. ಕೇರಳ ಸರಕಾರ ಕಾಸರಗೋಡಿನ ಊರುಗಳ ಹೆಸರು ಬದಲಾಯಿಸುತ್ತದಂತೆ, ಮಂಜೇಶ್ವರ ‘ಮಂಜೇಶ್ವರಂ’, ಮಲ್ಲ ‘ಮಲ್ಲಂ’, ನಮ್ಮ ಮಧೂರು ‘ಮಧುರಂ’ ಆಗುತ್ತದಂತೆ ಅಂತ ಕರ್ನಾಟಕ, ಕೇರಳ ಗಡಿಯ ಎರಡೂ ಕಡೆ ಮಾತು ಎದ್ದಿತ್ತಲ್ಲ. ಅವಳು ಜಗಳಕ್ಕೆ ಕೇಳಿದ್ದಲ್ಲ, ತಿಳಿಯುವುದಕ್ಕೇ ಕೇಳಿದ್ದು. ಅವಳಿಗೆ ಸರಿಯಾದ ಉತ್ತರ ಕೊಡಬೇಕು ಅಂತ ನನ್ನ ಆಸೆ.

ಮಾಷ್ಟ್ರು: ಹಾಗಾದರೆ ಮೊದಲು ಆ ಮೂರು ಹೆಸರುಗಳನ್ನು ಒಂದೇ ಕಟ್ಟಿನಲ್ಲಿ ಕಟ್ಟಬೇಡ. ಮಂಜೇಶ್ವರಂ, ಮಲ್ಲಂ ಒಂದು ಬಗೆ. ಮಧುರಂ ಬೇರೆಯೇ ಬಗೆ. ಮೊದಲನೆಯದರಲ್ಲಿ ಹೆಸರಿನ ತುದಿ ಮಾತ್ರ ಬದಲಾಗುತ್ತದೆ. ಎರಡನೆಯದರಲ್ಲಿ ಹೆಸರಿನೊಳಗಿದ್ದ ಒಂದು ಇಡೀ ಪದ ಕಳೆದುಹೋಗುತ್ತದೆ. ನಮ್ಮವರು ಪ್ರತಿಭಟನೆ ಮಾಡುವಾಗಲೂ ಇದನ್ನು ಬೇರ್ಪಡಿಸಿ ಹೇಳಲಿಲ್ಲ. ಆ ಕೊರತೆ ನನಗೆ ಈಗಲೂ ಕಾಡುತ್ತದೆ.

ಶಿಷ್ಯೆ: ಮೊದಲನೆಯ ಬಗೆಯಿಂದಲೇ ಶುರುಮಾಡಿ. ಆ ಸೊನ್ನೆ ಎಲ್ಲಿಂದ ಬಂತು?

ಮಾಷ್ಟ್ರು: ಎಲ್ಲಿಂದಲೂ ಬಂದದ್ದಲ್ಲ, ಇದ್ದದ್ದೇ. ಮಧೂರಿನ ಗಣಪತಿಗೆ ಯಾವ ನೈವೇದ್ಯ ಇಷ್ಟ?

ಶಿಷ್ಯೆ: ಅಪ್ಪ. ಅದನ್ನು ಕೇಳಬೇಕಾ!

ಮಾಷ್ಟ್ರು: ಅದೇ ಅಪ್ಪವನ್ನು ಕಾಞಂಗಾಡಿನಿಂದ ಬಂದ ಭಕ್ತರು ‘ಅಪ್ಪಂ’ ಅನ್ನುತ್ತಾರೆ. ಒಂದೇ ಬಾಣಲೆ, ಒಂದೇ ಕೌಂಟರು, ಒಂದೇ ಸಾಲು. 1992ರಲ್ಲಿ ಮೂಡಪ್ಪ ಸೇವೆ ಆದಾಗಲೂ, 2025ರಲ್ಲಿ ಬ್ರಹ್ಮಕಲಶದ ಜೊತೆಗೆ ಮತ್ತೆ ಆದಾಗಲೂ ಎರಡೂ ಮಾತಿನವರು ಒಟ್ಟಿಗೇ ನಿಂತಿದ್ದರು. ಮೂರ್ತಿಯನ್ನು ಅಪ್ಪದಿಂದ ಮುಚ್ಚುವ ಸೇವೆ ಅದು. ಮುಚ್ಚುವುದಕ್ಕೆ ಮಲಯಾಳದಲ್ಲಿ ‘ಮೂಡುಗ’ ಅನ್ನುತ್ತಾರೆ, ಆ ಕ್ರಿಯಾಪದ ಸೇವೆಯ ಹೆಸರಿನೊಳಗೇ ಕೇಳಿಸುತ್ತದೆ. ನಮ್ಮ ದೇವಸ್ಥಾನದ ಮಾತಿನಲ್ಲಿ ಭಾಷೆಗಳು ಹೀಗೆ ಬೆರೆತಿವೆ. ಅಪ್ಪಕ್ಕೆ ಸೊನ್ನೆ ಬಿತ್ತು ಅಂತ ಇಲ್ಲಿ ಯಾರೂ ಬೇಸರಿಸಿದ್ದಿಲ್ಲ.

ಶಿಷ್ಯೆ: ನಮ್ಮಲ್ಲಿ ಇಲ್ಲದ ಸೊನ್ನೆ ಅವರಲ್ಲಿ ಹೇಗೆ ಉಳಿಯಿತು?

ಮಾಷ್ಟ್ರು: ನಮ್ಮಲ್ಲಿಯೂ ಇತ್ತು. ಹಳಗನ್ನಡದಲ್ಲಿ ಮರ ‘ಮರಂ’, ನೆಲ ‘ನೆಲಂ’. ಹದಿಮೂರನೆಯ ಶತಮಾನದ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ವಿಭಕ್ತಿ ಪ್ರತ್ಯಯಗಳನ್ನು ಎಣಿಸುವಾಗ ಪ್ರಥಮೆಗೆ ಹೇಳಿದ್ದು ಮಕಾರವನ್ನೇ. ಆಮೇಲೆ ಕನ್ನಡದ ಬಾಯಿ ಅದನ್ನು ಬಿಟ್ಟುಕೊಟ್ಟಿತು. ತಮಿಳು, ಮಲಯಾಳ ಉಳಿಸಿಕೊಂಡವು. ಆದ್ದರಿಂದ ‘ಅಂ’ ಅನ್ನುವುದನ್ನು ಪರಕೀಯ ಅಂತ ಕರೆದರೆ ಪಂಪನ ಕನ್ನಡವನ್ನೇ ಪರಕೀಯ ಅಂದ ಹಾಗಾಗುತ್ತದೆ. ತುಳುವಿನವರು ಇನ್ನೊಂದು ದಾರಿ ಹಿಡಿದರು. ನಮ್ಮ ಪುಸ್ತಕ ಅವರ ಬಾಯಲ್ಲಿ ‘ಪುಸ್ತಕೊ’, ದೇಶ ‘ದೇಸೊ’.

ಶಿಷ್ಯೆ: ಲ್ಯಾಟಿನ್ನಿನಲ್ಲಿಯೂ ಹೀಗೆಯೇ ಆಯಿತಲ್ಲ ಮಾಷ್ಟ್ರೇ. ನಾನು ಇಟಲಿಯಲ್ಲಿ ಓದುವಾಗ ನೋಡಿದ್ದು. ಮಿಲಾನೊ ನಗರಕ್ಕೆ ರೋಮನ್ನರ ಕಾಲದ ಹೆಸರು ‘ಮೆದಿಯೊಲಾನುಂ’. ಕೊನೆಯ ಮಕಾರ ಆಡುಮಾತಿನಲ್ಲಿ ಬಿದ್ದುಹೋಗಿ ‘ಉ’ ಇದ್ದದ್ದು ‘ಒ’ ಆಯಿತು. ಫ್ರೆಂಚರು ಆ ಒಕಾರವನ್ನೂ ಬಿಟ್ಟರು. ಜರ್ಮನ್ನರು ಮಾತ್ರ ‘ಮೈಲಾಂಡ್’ ಅನ್ನುತ್ತಾರೆ. ಅವರ ಕಿವಿಗೆ ಕೊನೆಯ ಭಾಗ ತಮ್ಮ ‘ಲಾಂಡ್’, ಅಂದರೆ ನಾಡು ಅನ್ನುವ ಪದದ ಹಾಗೆ ಕೇಳಿರಬೇಕು.

ಮಾಷ್ಟ್ರು: ಅದು ಮುಖ್ಯ. ಕೇಳಿದ ಸದ್ದಿಗೆ ತಮ್ಮ ಭಾಷೆಯ ಪದ ಹೊಂದಿಸಿಕೊಳ್ಳುವುದು. ನಮ್ಮ ತಳಂಗೆರೆಯನ್ನು ನೋಡು. ಆಳುಪರ ಕಾಲದ ಕನ್ನಡ ಶಾಸನ ಸಿಕ್ಕಿದ ಜಾಗ, ಮಾಲಿಕ್ ದೀನಾರ್ ಮಸೀದಿ ಇರುವ ಜಾಗ. ಕನ್ನಡದಲ್ಲಿ ಅದರ ತುದಿಯಲ್ಲಿ ಕೇಳುವುದು ‘ಕೆರೆ’. ಮಲಯಾಳದಲ್ಲಿ ‘ತಳಂಕರ’, ಅಲ್ಲಿ ಕೇಳುವುದು ‘ಕರ’, ಅಂದರೆ ದಡ. ಚಂದ್ರಗಿರಿ ಹೊಳೆಯ ದಡದಲ್ಲಿ ನಿಂತವನಿಗೆ ಎರಡೂ ಸರಿ. ಯಾರೂ ಕಚೇರಿಯಲ್ಲಿ ಕುಳಿತು ಇದನ್ನು ಮಾಡಿದ್ದಲ್ಲ.

ಶಿಷ್ಯೆ: ಅಂದರೆ ಬಾಯಿಂದ ಬಾಯಿಗೆ ಹೋಗುವಾಗ ತುದಿ ಬದಲಾಗುವುದಕ್ಕೆ ಒಂದು ನಿಯಮ ಉಂಟು?

ಮಾಷ್ಟ್ರು: ಒಂದಲ್ಲ, ಮೂರು ನಿಯಮಗಳನ್ನು ಒಂದೇ ಪದದಲ್ಲಿ ತೋರಿಸುತ್ತೇನೆ. ‘ಮಳೆಗಾಲ’ ಅನ್ನು. ಈಗ ಅದನ್ನೇ ಮಲಯಾಳದಲ್ಲಿ ಹೇಳು.

ಶಿಷ್ಯೆ: ಮೞಕ್ಕಾಲಂ.

ಮಾಷ್ಟ್ರು: ನಿಧಾನವಾಗಿ ಬಿಡಿಸು. ನಮ್ಮ ‘ಮಳೆ’ಯ ಎಕಾರ ಅವರಲ್ಲಿ ಅಕಾರ. ತಲೆ–ತಲ, ಮಲೆ–ಮಲ, ಹಾಗೆಯೇ ಕುಂಬಳೆ–ಕುಂಬಳ. ಎರಡನೆಯದು, ನಡುವಿನ ಕಕಾರ. ಕನ್ನಡ ಅದನ್ನು ಗಕಾರ ಮಾಡುತ್ತದೆ, ಆದೇಶ ಸಂಧಿ ಅಂತ ನಿನಗೆ ಪಾಠ ಮಾಡಿದ್ದೆ. ಮಲಯಾಳ ಅದನ್ನು ಒತ್ತಿ ‘ಕ್ಕ’ ಮಾಡುತ್ತದೆ. ಮೂರನೆಯದು ತುದಿಯ ಸೊನ್ನೆ. ಈ ಮೂರನ್ನು ಕೈಯಲ್ಲಿ ಹಿಡಿದು ಚಂದ್ರಗಿರಿಯಿಂದ ಉಪ್ಪಳದವರೆಗೆ ನಡೆದರೆ ಅರ್ಧಕ್ಕರ್ಧ ಹೆಸರುಗಳು ತಾವಾಗಿಯೇ ಬಿಡಿಸಿಕೊಳ್ಳುತ್ತವೆ. ಬೋವಿಕಾನ ಅನ್ನುವುದನ್ನು ತೆಗೆದುಕೋ. ‘ಕಾನ’ ಅಂದರೆ ಕಾಡು. ಮಲಯಾಳದಲ್ಲಿ ‘ಬೋವಿಕ್ಕಾನಂ’. ಒತ್ತೂ ಬಂತು, ಸೊನ್ನೆಯೂ ಬಂತು. ಆದರೆ ಕಾಡು ಅಲ್ಲೇ ಉಳಿಯಿತು.

ಶಿಷ್ಯೆ: ಹಾಗಾದರೆ ಕಾಸರಗೋಡು ಅನ್ನುವ ಹೆಸರಿನಲ್ಲಿ ಗಕಾರ ಇದೆಯಲ್ಲ!

ಮಾಷ್ಟ್ರು: ಹೌದು, ಅದನ್ನು ನೀನೇ ಹೇಳಬೇಕು ಅಂತ ಕಾದಿದ್ದೆ. ‘ಕೋಡು’ ಅಂದರೆ ಶಿಖರ, ಎತ್ತರದ ಜಾಗ. ಅದೇ ಪದ ತೆಂಕಿನಲ್ಲಿ ಕೋೞಿಯ ಜೊತೆ ಸೇರಿದಾಗ ಕೋೞಿಕ್ಕೋಡ್ ಆಯಿತು, ಒತ್ತು ಬಿತ್ತು. ಇಲ್ಲಿ ಕಾಸರದ ಜೊತೆ ಸೇರಿದಾಗ ಕಾಸರಗೋಡು ಆಯಿತು, ಕಕಾರ ಗಕಾರವಾಯಿತು. ಈ ಹೆಸರಿನ ಮೊದಲ ಭಾಗ ಕಾಸರಕ ಮರವೋ, ಕೆರೆ ಅನ್ನುವ ಅರ್ಥದ ಸಂಸ್ಕೃತದ ಕಾಸಾರವೋ ಅಂತ ವಿದ್ವಾಂಸರು ಬೇಕಾದಷ್ಟು ಚರ್ಚೆ ಮಾಡಿದ್ದಾರೆ. ನನಗೆ ಅದಕ್ಕಿಂತ ಈ ಗಕಾರ ದೊಡ್ಡದು. ಈ ಎರಡು ಪದಗಳನ್ನು ಮೊದಲ ಸಲ ಕೂಡಿಸಿದ ಬಾಯಿ ಯಾವ ಸಂಧಿಯನ್ನು ಬಲ್ಲದ್ದು ಅಂತ ಆ ಒಂದು ಅಕ್ಷರ ಹೇಳುತ್ತದೆ. ಮಲಯಾಳ ಪತ್ರಿಕೆಗಳಲ್ಲಿ ಈಗ ‘ಕಾಸರ್‌ಕೋಡ್’ ಅಂತ ಕಕಾರದಲ್ಲಿ ಬರೆಯುತ್ತಾರೆ. ಅದು ಅವರ ಬಾಯಿಗೆ ಸಲ್ಲುವ ರೂಪ, ಬರೆಯಲಿ. ಕನ್ನಡದಲ್ಲಿ ಬರೆಯುವಾಗ ಗಕಾರ ನಮ್ಮದು, ಅದನ್ನು ಬಿಟ್ಟುಕೊಡಬಾರದು.

ಶಿಷ್ಯೆ: ಶಂ. ಬಾ. ಜೋಶಿಯವರು ‘ಎಡೆಗಳು ಹೇಳುವ ಕಂನಾಡ ಕತೆ’ ಅಂತ ಪುಸ್ತಕಕ್ಕೆ ಹೆಸರಿಟ್ಟದ್ದು ಇದಕ್ಕೇ ಇರಬೇಕು.

ಮಾಷ್ಟ್ರು: ಇದಕ್ಕೇ. ಆದರೆ ನಮ್ಮ ಈ ಮೂಲೆಯ ಎಡೆಗಳು ಕನ್ನಡದ ಕತೆ ಒಂದನ್ನೇ ಹೇಳುವುದಿಲ್ಲ. ತುಳುವಿನ ಕತೆ ಅದಕ್ಕಿಂತ ಹೆಚ್ಚು ಹೇಳುತ್ತವೆ. ಪಿಲಿಕುಂಜೆಯನ್ನು ನೋಡು. ‘ಪಿಲಿ’ ತುಳುವಿನ ಹುಲಿ. ‘ಕುಂಜ’ ಗುಡ್ಡ. 2021ರ ಆ ಸುದ್ದಿಯಲ್ಲಿ ಅದಕ್ಕೆ ಎದುರಾಗಿ ಕೇಳಿಬಂದ ರೂಪ ‘ಪುಲಿಕುನ್ನ್’. ನೆಲ್ಲಿಕುಂಜೆಗೆ ‘ನೆಲ್ಲಿಕುನ್ನ್’.

ಶಿಷ್ಯೆ: ಅದು ಅನುವಾದವಾಯಿತಲ್ಲ? ಗುಡ್ಡಕ್ಕೆ ಮಲಯಾಳದಲ್ಲಿ ಕುನ್ನ್ ಅನ್ನುತ್ತಾರೆ.

ಮಾಷ್ಟ್ರು: ಅನುವಾದ ಅಂತ ಕಾಣುತ್ತದೆ, ಆದರೆ ಬೇರು ಒಂದೇ. ತುಳುವಿನಲ್ಲಿ ಒಂದಕ್ಕೆ ಏನಂತಾರೆ?

ಶಿಷ್ಯೆ: ಒಂಜಿ. ಮಲಯಾಳದಲ್ಲಿ ಒನ್ನ್.

ಮಾಷ್ಟ್ರು: ಕರುವಿಗೆ?

ಶಿಷ್ಯೆ: ಕಂಜಿ... ಮಲಯಾಳದಲ್ಲಿ ಕನ್ನ್. ಓ! ಹಾಗಾದರೆ ಕುಂಜ, ಕುನ್ನ್ ಕೂಡ ಅದೇ ಸಾಲಿನವು.

ಮಾಷ್ಟ್ರು: ತಮಿಳಿನ ಕುನ್‌ಱು ಅವೆರಡಕ್ಕೂ ಹತ್ತಿರದ್ದು. ತುಳುವಿನ ‘ಂಜ’ ಇದ್ದಲ್ಲಿ ಮಲಯಾಳದಲ್ಲಿ ‘ನ್ನ’ ಬರುವುದು ಅಕಸ್ಮಾತ್ತಲ್ಲ. ದ್ರಾವಿಡ ಭಾಷೆಗಳ ಒಡಹುಟ್ಟುತನವನ್ನು ರಾಬರ್ಟ್ ಕಾಲ್ಡ್‌ವೆಲ್ 1856ರಲ್ಲಿ ತನ್ನ ತೌಲನಿಕ ವ್ಯಾಕರಣದಲ್ಲಿ ನಿರೂಪಿಸಿದ್ದು ಇಂಥ ಸಾಮ್ಯಗಳನ್ನು ಜೋಡಿಸಿಯೇ. ಅದಕ್ಕೆ ನಿದರ್ಶನ ನಮ್ಮ ಬಸ್ಸಿನ ಬೋರ್ಡಿನಲ್ಲೇ ಉಂಟು. ಪಿಲಿಕುಂಜೆಯ ತುಳುವನಿಗೂ ಪುಲಿಕುನ್ನಿನ ಮಲಯಾಳಿಗೂ ತಾವು ಒಂದೇ ಪದವನ್ನು ಆಡುತ್ತಿದ್ದೇವೆ ಅಂತ ತಿಳಿದಿದ್ದರೆ ಸಾಕಿತ್ತು, ಎಷ್ಟೋ ಕಹಿ ಕಡಿಮೆಯಾಗುತ್ತಿತ್ತು.

ಶಿಷ್ಯೆ: ಆದರೆ ಆನೆಬಾಗಿಲು ‘ಆನೆವಾಗಿಲ್’ ಆಗುತ್ತದೆ ಅಂದಿದ್ದರಲ್ಲ, ಅದು ಯಾವ ನಿಯಮ?

ಮಾಷ್ಟ್ರು: ಯಾವುದೂ ಅಲ್ಲ. ಕನ್ನಡದ ಬಕಾರಕ್ಕೆ ಮಲಯಾಳದಲ್ಲಿ ವಕಾರ ಬರುವುದು ನಿಜ. ಆದರೆ ಬಾಗಿಲಿಗೆ ಮಲಯಾಳದ ಮಾತು ‘ವಾತಿಲ್’. ‘ವಾಗಿಲ್’ ಅತ್ತ ಮಲಯಾಳವೂ ಅಲ್ಲ, ಇತ್ತ ಕನ್ನಡವೂ ಅಲ್ಲ. ಯಾವ ತಾಯಿಯೂ ಮಗುವಿಗೆ ಕಲಿಸದ ಪದ ಅದು. ಬಾಯಿಯಲ್ಲಿ ಹುಟ್ಟಿದ ರೂಪಕ್ಕೂ ಕಾಗದದಲ್ಲಿ ಹುಟ್ಟಿದ ರೂಪಕ್ಕೂ ವ್ಯತ್ಯಾಸ ಹೀಗೆ ಗೊತ್ತಾಗುತ್ತದೆ.

ಶಿಷ್ಯೆ: ಅಡ್ಕದ ವಿಷಯ ಹೇಳಿ. ನಮ್ಮ ಸುತ್ತ ಎಲ್ಲಿ ನೋಡಿದರೂ ಅದೇ. ಬದಿಯಡ್ಕ, ಕಾರಡ್ಕ, ಬೇಡಡ್ಕ, ಉಳಿಯತ್ತಡ್ಕ.

ಮಾಷ್ಟ್ರು: ನನಗೆ ಎಲ್ಲಕ್ಕಿಂತ ಪ್ರೀತಿಯ ತುದಿ ಅದು. ಅಡ್ಕ ಅಂದರೆ ಉಳುಮೆಗೆ ಒದಗದ ಮಟ್ಟಸ ಬಯಲು. ಮೇಲೆ ಮುರಕಲ್ಲು, ಮಳೆಗಾಲದಲ್ಲಿ ಹುಲ್ಲು, ಬೇಸಗೆಯಲ್ಲಿ ಕಾಲು ಸುಡುವ ಕಪ್ಪು ನೆಲ. ದನ ಮೇಯಿಸುವ ಜಾಗ. ಆಟ ಕಟ್ಟುವುದಕ್ಕೆ, ಜಾತ್ರೆಗೆ, ಕೋಳಿಕಟ್ಟಕ್ಕೆ ಬೇಕಾದ ಬಯಲು. ಬೈಲು ಹಾಗಲ್ಲ, ಅದು ಎರಡು ಗುಡ್ಡಗಳ ನಡುವೆ ತಗ್ಗಿನ ಗದ್ದೆ. ಪದವು ಇನ್ನೂ ಎತ್ತರದ ಬಯಲು, ಮೀಯಪದವಿಗೆ ಹೋದರೆ ಕಾಣುತ್ತದೆ. ನೀರ್ಚಾಲು ನೀರು ಹರಿಯುವ ಚಾಲು. ಈ ನಾಡಿನಲ್ಲಿ ಮನೆ ಕಟ್ಟುವವನಿಗೆ, ಬೇಸಾಯ ಮಾಡುವವನಿಗೆ ಮೊದಲು ತಿಳಿಯಬೇಕಾದದ್ದು ನೆಲ ಎತ್ತರವೋ ತಗ್ಗೋ, ನೀರು ಎಲ್ಲಿ ನಿಲ್ಲುತ್ತದೆ ಅನ್ನುವುದು. ಅದನ್ನು ಹಿರಿಯರು ಹೆಸರಿನ ತುದಿಯಲ್ಲಿಯೇ ಬರೆದಿಟ್ಟರು. ಆದ್ದರಿಂದ ಆ ತುದಿಯನ್ನು ಬರೀ ಪ್ರತ್ಯಯ ಅಂದರೆ ಕಡಿಮೆಯಾಯಿತು. ಅದು ನೆಲದ ವರ್ಣನೆ.

ಶಿಷ್ಯೆ: ಮಲಯಾಳದಲ್ಲಿ ‘ಬದಿಯಡುಕ್ಕ’, ‘ಕಾರಡುಕ್ಕ’, ‘ಬೇಡಡುಕ್ಕ’ ಅನ್ನುತ್ತಾರೆ. ‘ಡ್ಕ’ ಅನ್ನುವ ಒತ್ತಕ್ಷರ ಅವರ ಬಾಯಿಗೆ ಒಗ್ಗುವುದಿಲ್ಲ ಅಂತ ಕಾಣುತ್ತದೆ. ನಡುವೆ ಒಂದು ಉಕಾರ ಸೇರಿಸುತ್ತಾರೆ.

ಮಾಷ್ಟ್ರು: ಸೇರಿಸಲಿ. ಅಡ್ಕ ಅಡುಕ್ಕವಾದರೂ ಅಡ್ಕವೇ. ಕೇಳಿದವನಿಗೆ ಗುರುತು ಸಿಗುತ್ತದೆ. ಆದರೆ ಆ ಸುದ್ದಿಯಲ್ಲಿ ಬಂದ ಹಾಗೆ ಕಾರಡ್ಕವನ್ನು ‘ಕಡಗಂ’ ಅಂದರೆ ಆ ಬಯಲು ಎಲ್ಲಿ ಹೋಯಿತು? ನನ್ನ ತಕರಾರು ಅಷ್ಟೇ. ಮತ್ತೆ ನೀನು ಈಗ ಉಳಿಯತ್ತಡ್ಕ ಅಂದೆಯಲ್ಲ. ಕಾಸರಗೋಡಿನಿಂದ ಮಧೂರಿಗೆ ಬರುವಾಗ ದಿನಾ ದಾಟುವ ಹೆಸರು. ಅದರ ನಡುವಿನ ‘ತ್ತ’ ಏನು?

ಶಿಷ್ಯೆ: ಗೊತ್ತಿಲ್ಲ. ‘ಉಳಿಯ’ ಗೊತ್ತು, ಹೊಳೆಯ ಬದಿಯ ಅಥವಾ ನಡುವಿನ ತಗ್ಗು ನೆಲ. ನೇತ್ರಾವತಿಯ ನಡುವೆ ಪಾವೂರು ಉಳಿಯ ಉಂಟಲ್ಲ, ಹಾಗೆ.

ಮಾಷ್ಟ್ರು: ಕನ್ನಡದಲ್ಲಿ ‘ಮರದ’ ಅನ್ನುತ್ತೇವೆ. ತುಳುವಿನಲ್ಲಿ ‘ಮರತ’. ಮಲಯಾಳದಲ್ಲಿ ಮರದಲ್ಲಿ ಅನ್ನುವುದಕ್ಕೆ ‘ಮರತ್ತಿಲ್’. ಮೂರರಲ್ಲಿಯೂ ದಕಾರವೋ ತಕಾರವೋ ನಡುವೆ ಬಂದು ಕೂರುತ್ತದೆ. ಉಳಿಯತ್ತಡ್ಕ ಅಂದರೆ ಉಳಿಯದ ಅಡ್ಕ. ಇದರದ್ದು ಅದು ಅಂತ ಸಂಬಂಧ ಹೇಳುವ ತುಣುಕು ಆ ‘ತ್ತ’. ಒಂದು ಬಸ್‌ಸ್ಟಾಪಿನ ಹೆಸರಿನಲ್ಲಿ ಷಷ್ಠೀ ವಿಭಕ್ತಿ ಇಷ್ಟು ಕಾಲ ಉಳಿದಿದೆ!

ಶಿಷ್ಯೆ: ಯುರೋಪಿನಲ್ಲಿ ಇದಕ್ಕೆ ಸರಿಯಾಗಿ ಹೊಂದುವ ಒಂದು ಪ್ರತ್ಯಯ ಉಂಟು ಮಾಷ್ಟ್ರೇ. ಕೆಲ್ಟಿಕ್ ಜನರ ಮಾತಿನಿಂದ ಬಂದ ‘ಆಕ್’. ರೋಮನ್ನರು ಅದಕ್ಕೆ ತಮ್ಮ ‘ಉಂ’ ಸೇರಿಸಿ ‘ಆಕುಂ’ ಮಾಡಿದರು. ‘ಇಂಥವನದ್ದು’ ಅನ್ನುವ ಅರ್ಥ, ಜಮೀನುದಾರನ ಹೆಸರಿಗೆ ಹತ್ತುವ ಬಾಲ. ಔರೇಲಿಯಸ್ ಅನ್ನುವವನ ಜಮೀನು ‘ಔರೇಲಿಯಾಕುಂ’. ಫ್ರಾನ್ಸಿನ ದಕ್ಷಿಣದಲ್ಲಿ ಆ ಹೆಸರು ‘ಓರಿಯಾಕ್’ ಆಗಿ ಉಳಿಯಿತು. ಉತ್ತರದಲ್ಲಿ, ಪ್ಯಾರಿಸಿನ ಹತ್ತಿರ, ಅದೇ ಹೆಸರು ‘ಓರ್ಲಿ’ ಆಯಿತು. ದೊಡ್ಡ ವಿಮಾನ ನಿಲ್ದಾಣ ಇರುವ ಓರ್ಲಿ. ರೈನ್ ನದಿಯ ಆಚೆಯ ಮಾತಿಗೆ ಸಿಕ್ಕಿದ ‘ಯೂಲಿಯಾಕುಂ’ ಜರ್ಮನಿಯಲ್ಲಿ ‘ಯೂಲಿಷ್’ ಆಯಿತು. ‘ಆಕ್’ ಎಲ್ಲಿಯವರೆಗೆ ಉಳಿಯಿತು, ಎಲ್ಲಿಂದ ‘ಇ’ ಆಯಿತು ಅಂತ ನಕ್ಷೆಯಲ್ಲಿ ಗುರುತು ಹಾಕಿದರೆ ಫ್ರಾನ್ಸಿನ ತೆಂಕಣ ಮಾತು, ಬಡಗಣ ಮಾತು ಎರಡರ ಹರವು ಸುಮಾರಾಗಿ ಎದ್ದು ಕಾಣುತ್ತದೆ.

ಮಾಷ್ಟ್ರು: ಮೂಲದಲ್ಲಿ ಅದನ್ನು ಆಡಿದ ಕೆಲ್ಟಿಕ್ ಭಾಷೆ?

ಶಿಷ್ಯೆ: ಫ್ರಾನ್ಸಿನ ಆ ನೆಲದಲ್ಲಿ ಸತ್ತುಹೋಗಿ ಒಂದೂವರೆ ಸಾವಿರ ವರ್ಷದ ಹತ್ತಿರವಾಯಿತು. ಊರುಗಳ ತುದಿಯಲ್ಲಿ ಮಾತ್ರ ಉಂಟು.

ಮಾಷ್ಟ್ರು: ಅದನ್ನು ಕೇಳಿದರೆ ನನಗೆ ಭಯವೂ ಆಗುತ್ತದೆ, ಧೈರ್ಯವೂ ಬರುತ್ತದೆ. ಇರಲಿ. ಈಗ ಮಧೂರಿಗೆ ಬಾ. ಈ ಹೆಸರಿನ ಕತೆ ಗೊತ್ತಲ್ಲ?

ಶಿಷ್ಯೆ: ಮೊಗೇರ ಸಮುದಾಯದ ಮದರು ಅನ್ನುವ ಹೆಂಗಸಿಗೆ ಇಲ್ಲಿ ಶಿವಲಿಂಗ ಸಿಕ್ಕಿತು. ಅವಳ ಹೆಸರಿನಿಂದ ಊರಿಗೆ ಹೆಸರು ಬಂತು ಅಂತ ಅಜ್ಜಿ ಹೇಳುತ್ತಿದ್ದರು. ಮೊದಲು ಇದು ಶಿವನ ಕ್ಷೇತ್ರ, ಮದನಂತೇಶ್ವರ. ಗಣಪತಿ ಆಮೇಲೆ ಗೋಡೆಯಲ್ಲಿ ಮೂಡಿದ್ದು.

ಮಾಷ್ಟ್ರು: ‘ಮದ’ ಇದ್ದದ್ದು ‘ಮಧು’ ಆಗುವುದಕ್ಕೆ ಓದಿದವರ ಸಂಸ್ಕೃತ ಕಾರಣ. ತುಳುವಿನ ಹೆಸರಿಗೆ ಮಹಾಪ್ರಾಣ ಹಚ್ಚಿದರು. ದೇವಸ್ಥಾನದ ಮುಂದೆ ಹರಿಯುವ ಹೊಳೆಯೂ ಮಧುವಾಹಿನಿ ಆಯಿತು. ಸ್ಥಳಪುರಾಣವನ್ನು ನಿರುಕ್ತಿ ಅಂತ ನಾನು ಪ್ರಮಾಣ ಮಾಡುವುದಿಲ್ಲ. ಆದರೆ ಒಂದು ಕ್ಷೇತ್ರದ ಹೆಸರಿನಲ್ಲಿ ದುಡಿಯುವ ಹೆಂಗಸಿನ ಹೆಸರನ್ನು ಜನ ಕೇಳಿಸಿಕೊಂಡರು, ತಲೆಮಾರುಗಳಿಂದ ಹೇಳುತ್ತಾ ಬಂದರು ಅನ್ನುವುದು ಸಣ್ಣ ಸಂಗತಿಯಲ್ಲ. ಈಗ ‘ಮಧುರಂ’ ಅಂದರೆ ಏನರ್ಥ ಬರುತ್ತದೆ?

ಶಿಷ್ಯೆ: ಸಿಹಿ. ಅಷ್ಟೇ.

ಮಾಷ್ಟ್ರು: ಮದರುವೂ ಹೋದಳು, ಊರೂ ಹೋಯಿತು. ಎರಡನ್ನೂ ತೆಗೆದು ಒಂದು ಸಂಸ್ಕೃತ ವಿಶೇಷಣ ಇಟ್ಟ ಹಾಗೆ. ಇದಕ್ಕೆ ಮಲಯಾಳದ ವ್ಯಾಕರಣ ಕಾರಣ ಅಂತ ಹೇಳುವ ಹಾಗೂ ಇಲ್ಲ. ಅವರಲ್ಲಿ ಕಣ್ಣೂರ್ ಉಂಟು, ತೃಶ್ಶೂರ್ ಉಂಟು. ನಮ್ಮ ಪಂಚಾಯತಿನ ಹೆಸರನ್ನು ಮಲಯಾಳದಲ್ಲಿ ಇಷ್ಟು ಕಾಲ ‘ಮಧೂರ್’ ಅಂತಲೇ ಬರೆದುಕೊಂಡು ಬಂದಿದ್ದಾರೆ. ತಮಿಳು, ತೆಲುಗು, ಕನ್ನಡ, ಮಲಯಾಳ, ತುಳು ಐದಕ್ಕೂ ಸೇರಿದ ಪದ ‘ಊರು’. ನಿನ್ನ ಗೆಳತಿಗೆ ಹೇಳು: ಸೊನ್ನೆ ಹತ್ತಿದ್ದಕ್ಕೆ ನೋವಾದದ್ದಲ್ಲ, ಊರು ಹೋಗುತ್ತದೆ ಅಂತ ನೋವಾದದ್ದು.

ಶಿಷ್ಯೆ: ಆದರೆ ಕೇರಳ ಸರಕಾರ ಅಂಥ ಪ್ರಸ್ತಾಪವೇ ಇಲ್ಲ ಅಂದಿತ್ತಲ್ಲ. ಅವಳು ಅದನ್ನೂ ಹೇಳಿದಳು.

ಮಾಷ್ಟ್ರು: ಹೇಳಿತ್ತು. ಕರ್ನಾಟಕದ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರ ಆಕ್ಷೇಪ ಎತ್ತಿತು, ಯಡಿಯೂರಪ್ಪನವರೂ ಕುಮಾರಸ್ವಾಮಿಯವರೂ ಮಾತನಾಡಿದರು, ಪಿಣರಾಯಿ ವಿಜಯನ್ ಅವರ ಸರಕಾರ ಇಲ್ಲ ಅಂದಿತು. ಆ ಮಾತನ್ನು ಒಪ್ಪಿಕೊಳ್ಳುವುದೇ ನ್ಯಾಯ. ಹೆಸರುಗಳು ಹಾಗೇ ಉಳಿದವಲ್ಲ. ಆದರೆ ಒಂದು ಸುದ್ದಿಗೆ ಇಷ್ಟು ಜನ ಯಾಕೆ ಬೆಚ್ಚಿದರು ಅಂತ ಅವಳಿಗೆ ತಿಳಿಯಬೇಕಾದರೆ ಹಿಂದಿನದ್ದು ಗೊತ್ತಿರಬೇಕು. 1956ರ ನವೆಂಬರ್ 1ಕ್ಕೆ ನಾವು ದಕ್ಷಿಣ ಕನ್ನಡದಿಂದ ಕೇರಳಕ್ಕೆ ಸೇರಿದೆವು. 1967ರಲ್ಲಿ ಮಹಾಜನ ಆಯೋಗ ಚಂದ್ರಗಿರಿಯ ಉತ್ತರದ ಭಾಗ ಮೈಸೂರು ರಾಜ್ಯಕ್ಕೆ ಸೇರಲಿ ಅಂತ ವರದಿ ಕೊಟ್ಟಿತು, ಅದು ಕಾಗದದಲ್ಲೇ ಉಳಿಯಿತು. ಕಾಸರಗೋಡು ಕರ್ನಾಟಕಕ್ಕೆ ಸೇರಬೇಕು ಅಂತ ಬಯಸಿದ ಕವಿ ಕಯ್ಯಾರ ಕಿಞ್ಞಣ್ಣ ರೈಗಳು ನೂರು ವರ್ಷ ಬಾಳಿದರು, ಆ ಆಸೆ ಈಡೇರುವುದನ್ನು ಕಾಣದೆ 2015ರಲ್ಲಿ ತೀರಿಕೊಂಡರು. ಇಷ್ಟು ಆದ ಮೇಲೆ ಜನರ ಕೈಯಲ್ಲಿ ಉಳಿದದ್ದು ಶಾಲೆ ಮತ್ತು ಹೆಸರು. ಅದರಲ್ಲಿ ಒಂದಕ್ಕೆ ಕೈ ಬಿತ್ತು ಅಂದಾಗ ಬೆಚ್ಚಿಬಿದ್ದರು.

ಶಿಷ್ಯೆ: ಅವಳು ಇನ್ನೊಂದು ಮಾತು ಕೇಳಬಹುದು. 2014ರ ರಾಜ್ಯೋತ್ಸವಕ್ಕೆ ಕರ್ನಾಟಕ ಹನ್ನೆರಡು ನಗರಗಳ ಹೆಸರನ್ನು ಇಂಗ್ಲಿಷಿನಲ್ಲಿ ಬದಲಾಯಿಸಿತು. ಬೆಂಗಳೂರು, ಮೈಸೂರು, ಮಂಗಳೂರು. ಈ ಮೂರಕ್ಕೂ ಕೊನೆಯಲ್ಲಿ ಉಕಾರ ಕೂಡಿತು. ನೀವು ಮಾಡಿದರೆ ಸರಿ, ನಾವು ಮಾಡಿದರೆ ತಪ್ಪಾ ಅಂದರೆ?

ಮಾಷ್ಟ್ರು: ಒಳ್ಳೆಯ ಪ್ರಶ್ನೆ. ಬೆಂಗಳೂರಿನವರು ಬಾಯಲ್ಲಿ ಆಡುತ್ತಿದ್ದದ್ದನ್ನೇ ಇಂಗ್ಲಿಷಿನಲ್ಲಿಯೂ ಬರೆದರು. ಕೇ‌ರಳದವರು ತಮ್ಮ ರಾಜಧಾನಿಯನ್ನು ತಿರುವನಂತಪುರಂ ಅಂತ ಬರೆದದ್ದೂ ಹಾಗೆಯೇ, ಅದು ಪೂರಾ ಸರಿ. ಆಡುವವರ ರೂಪ ಕಡತಕ್ಕೆ ಹೋಯಿತು. ನಾವು ಬೇಡ ಅನ್ನುವುದು ಕಡತದ ರೂಪ ಆಡುವವರ ಬಾಯಿಗೆ ಬರುವುದನ್ನು. ಮಂಗಳೂರಿನ ಉದಾಹರಣೆ ಕೊಡು ಅವಳಿಗೆ. ಮಲಯಾಳಿಗಳು ಅದನ್ನು ಇಂದಿಗೂ ಮಂಗಲಾಪುರಂ ಅನ್ನುತ್ತಾರೆ, ತುಳುವರು ಕುಡ್ಲ, ಕೊಂಕಣಿಗರು ಕೊಡಿಯಾಲ್, ಬ್ಯಾರಿಗಳು ಮೈಕಾಲ. ನಾಲ್ಕೂ ಬೇರೆ ಬೇರೆ, ನಾಲ್ಕೂ ನಿಜ. ಒಬ್ಬರು ಇನ್ನೊಬ್ಬರ ಬಾಯಿಯನ್ನು ತಿದ್ದಲು ಹೋಗಿಲ್ಲ.

ಶಿಷ್ಯೆ: ನಾನು ಓದಿದ ಬೊಲ್ಜಾನೊದಲ್ಲಿ ತಿದ್ದಲು ಹೋಗಿದ್ದರು. ಆ ಊರಿಗೆ ಜರ್ಮನ್ನಿನಲ್ಲಿ ಬೋಜೆನ್. ದಕ್ಷಿಣ ಟಿರೋಲ್ ಅನ್ನುವ ಆ ಪ್ರದೇಶದಲ್ಲಿ ಜರ್ಮನ್ ಆಡುವವರೇ ಹೆಚ್ಚು. ಮೊದಲ ಮಹಾಯುದ್ಧದ ನಂತರ ಅದು ಆಸ್ಟ್ರಿಯದ ಕೈಯಿಂದ ಇಟಲಿಗೆ ಬಂತು. ಎತ್ತೋರೆ ತೊಲೊಮೆಯಿ ಅನ್ನುವವನು ಮೊದಲೇ, 1916ರಲ್ಲಿ, ಊರು, ಬೆಟ್ಟ, ಹೊಳೆ ಎಲ್ಲದಕ್ಕೂ ಇಟಾಲಿಯನ್ ಹೆಸರುಗಳ ದೊಡ್ಡ ಪಟ್ಟಿ ಪ್ರಕಟಿಸಿದ್ದ. 1923ರಲ್ಲಿ ಮುಸೊಲಿನಿಯ ಸರಕಾರ ಅದನ್ನೇ ಅಧಿಕೃತ ಮಾಡಿತು. ನೀವು ಹೇಳಿದ ಬಗೆಗಳೆಲ್ಲ ಅದರಲ್ಲಿಯೂ ಇದ್ದವು. ಮೆರಾನ್ ಅನ್ನುವ ಊರಿಗೆ ತುದಿಯಲ್ಲಿ ಒಂದು ಒಕಾರ ಹಚ್ಚಿದರೆ ಮೆರಾನೊ. ಬ್ರೆನ್ನರ್‌ಗೆ ಹಚ್ಚಿದರೆ ಬ್ರೆನ್ನೆರೊ. ಇನ್ನು ಕೆಲವನ್ನು ಅನುವಾದ ಮಾಡಿದ್ದ. ಕೆಲವಕ್ಕೆ ಮೂಲದ ಗಂಧವೇ ಇಲ್ಲ. ಷ್ಟೆರ್ಜಿಂಗ್ ಅನ್ನುವ ಊರಿಗೆ ರೋಮನ್ನರ ಕಾಲದ ಸತ್ತ ಹೆಸರನ್ನು ಹುಡುಕಿ ತಂದು ವಿಪಿತೇನೊ ಅಂದ.

ಮಾಷ್ಟ್ರು: ನೀನು ಅನುವಾದ ಅಂದದ್ದು ನಮ್ಮ ಕಾಸರಗೋಡಿನ ಹೊಸದುರ್ಗಕ್ಕೆ ಪುದಿಯಕೋಟ ಅಂದ ಹಾಗೆ. ಮತ್ತೆ ಈಗ ಅಲ್ಲಿ ಹೇಗೆ?

ಶಿಷ್ಯೆ: 1946ರಲ್ಲಿ ಆಸ್ಟ್ರಿಯ, ಇಟಲಿ ನಡುವೆ ಪ್ಯಾರಿಸಿನಲ್ಲಿ ಒಪ್ಪಂದವಾಯಿತು. ಸ್ಥಳನಾಮಗಳು ಎರಡು ಭಾಷೆಯಲ್ಲಿರಬೇಕು ಅನ್ನುವುದು ಅದರಲ್ಲಿಯೇ ಬರೆದಿದೆ. ಈಗ ಫಲಕದಲ್ಲಿ ಬೋಜೆನ್, ಬೊಲ್ಜಾನೊ ಎರಡೂ ಇರುತ್ತವೆ. ಲಾದಿನ್ ಅನ್ನುವ ಸಣ್ಣ ಭಾಷೆ ಆಡುವ ಕಣಿವೆಗಳಲ್ಲಿ ಮೂರು. ಒಂದೇ ಊರು ಜರ್ಮನ್ನಿನಲ್ಲಿ ಸಾಂಕ್ಟ್ ಉಲ್ರಿಷ್, ಇಟಾಲಿಯನ್ನಿನಲ್ಲಿ ಒರ್ತಿಸೇಯಿ, ಲಾದಿನ್ನಿನಲ್ಲಿ ಉರ್ತಿಜೇಯಿ. ತೊಲೊಮೆಯಿ ಹೊಸದಾಗಿ ಹುಟ್ಟಿಸಿದ ಹೆಸರುಗಳ ಬಗ್ಗೆ ಜಗಳ ಮಾತ್ರ ಇನ್ನೂ ಮುಗಿದಿಲ್ಲ. ಜನರೇ ಆಡುತ್ತಿದ್ದ ಹಳೆಯ ಇಟಾಲಿಯನ್ ಹೆಸರುಗಳ ಬಗ್ಗೆ ಅಷ್ಟು ತಕರಾರಿಲ್ಲ.

ಮಾಷ್ಟ್ರು: ಆ ಲಾದಿನ್ ನಮ್ಮ ತುಳುವಿಗೆ ಸಮ. ಕನ್ನಡ, ಮಲಯಾಳ ಅಂತ ವಾದ ಮಾಡುವಾಗ ನಾವು ಅದನ್ನು ಮರೆಯುತ್ತೇವೆ. ಅಡ್ಕ, ಕುಂಜೆ, ಪಿಲಿ ಇವೆಲ್ಲ ಕನ್ನಡದವಲ್ಲ, ತುಳುವಿನವು. ನಾವು ಕಾವಲು ಕಾಯುತ್ತಿದ್ದೇವೆ ಅಷ್ಟೇ. ತುಳುವಿನವರು ‘ಊರು’ ಅನ್ನುವಾಗ ಕೊನೆಯಲ್ಲಿ ಬರುವುದು ನಮ್ಮ ತುಂಬು ಉಕಾರವಲ್ಲ, ತುಟಿ ದುಂಡಾಗದ ಅರ್ಧ ಉಕಾರ. ಮಲಯಾಳದಲ್ಲಿ ಆ ಸದ್ದಿಗೆ ಚಂದ್ರಕಲೆ ಉಂಟು. ಕನ್ನಡದ ಸಾಮಾನ್ಯ ಬರವಣಿಗೆಯಲ್ಲಿ ಅದಕ್ಕೆ ಗುರುತಿಲ್ಲ. ಮಧೂರಿನ ತುಳು ಉಚ್ಚಾರಕ್ಕೆ ಈ ಒಂದು ವಿಷಯದಲ್ಲಿ ಮಲಯಾಳ ಲಿಪಿಯೇ ಹತ್ತಿರ. ಇದನ್ನು ಹೇಳಲು ನನಗೆ ಸಂಕೋಚವಿಲ್ಲ.

ಶಿಷ್ಯೆ: ಹಾಗಾದರೆ ಫಲಕದಲ್ಲಿ ಹೇಗೆ ಬರೆಯಬೇಕು?

ಮಾಷ್ಟ್ರು: ಕನ್ನಡದಲ್ಲಿ ಕನ್ನಡದ ಸಂಧಿಯಂತೆ, ಮಲಯಾಳದಲ್ಲಿ ಮಲಯಾಳದ ಸಂಧಿಯಂತೆ. ಮಂಜೇಶ್ವರ, ಮಂಜೇಶ್ವರಂ. ಬದಿಯಡ್ಕ, ಬದಿಯಡುಕ್ಕ. ಆದರೆ ಊರು, ಅಡ್ಕ, ಕುಂಜೆ, ಕಾನ, ಬೈಲು ಅನ್ನುವ ನೆಲದ ಮಾತನ್ನು ಯಾರೂ ಕಿತ್ತು ಬೇರೆ ಇಡಬಾರದು. 1969ರ ಕೇರಳದ ಆಡಳಿತ ಭಾಷಾ ಕಾಯ್ದೆಯಲ್ಲೇ ಕಾಸರಗೋಡಿನ ಕನ್ನಡಿಗರು ಸರಕಾರದ ಜೊತೆ ಕನ್ನಡದಲ್ಲಿ ವ್ಯವಹರಿಸಬಹುದು ಅಂತ ಉಂಟು. ಆ ಹಕ್ಕಿನ ಕಾಗದ ಬರೆಯುವಾಗ ಊರಿನ ಹೆಸರು ಕನ್ನಡದಲ್ಲಿ ಸರಿಯಾಗಿರಬೇಕು ಅಂತ ಕೇಳುವುದು ಹೆಚ್ಚಿನ ಬೇಡಿಕೆಯಲ್ಲ.

ಶಿಷ್ಯೆ: ಗೆಳತಿ ಇದನ್ನು ಒಪ್ಪುತ್ತಾಳೆ ಅಂತ ನನಗೆ ಅನಿಸುತ್ತದೆ. ಅವಳೂ ನಾನೂ ಸೇರಿ ಪಂಚಾಯತಿನ ಒಳಗಿನ ಸಣ್ಣ ಹೆಸರುಗಳನ್ನು ಬರೆದಿಡಬಹುದಲ್ಲ? ತೋಟ, ಗದ್ದೆ, ಕಟ್ಟೆ, ತೋಡು. ದೊಡ್ಡ ಊರುಗಳ ಹೆಸರನ್ನು ಯಾರಾದರೂ ಕಾಯುತ್ತಾರೆ. ಇವನ್ನು ಕಾಯುವವರಿಲ್ಲ.

ಮಾಷ್ಟ್ರು: ಅದೇ ಮಾಡಬೇಕಾದ ಕೆಲಸ. ಉಡುಪಿಯ ಗೋವಿಂದ ಪೈ ಸಂಶೋಧನ ಕೇಂದ್ರದ ತುಳು ನಿಘಂಟು ಆರು ಸಂಪುಟ ಬಂದಿದೆ, ಅದನ್ನು ಬದಿಯಲ್ಲಿಟ್ಟುಕೋ. ಮಲಯಾಳಕ್ಕೆ ಗುಂಡರ್ಟ್, ಕನ್ನಡಕ್ಕೆ ಕಿಟ್ಟೆಲ್. ಆದರೆ ನಿಘಂಟು ತೆರೆಯುವುದು ಆಮೇಲೆ. ಮೊದಲು ಹಿರಿಯರ ಬಾಯಿಂದ ಬಂದದ್ದನ್ನು ಬಂದ ಹಾಗೆಯೇ ಬರೆದುಕೋ. ಹೇಳಿದವರ ಮನೆಮಾತು ಯಾವುದು, ತುಳುವೋ ಹವ್ಯಕವೋ ಮಲಯಾಳವೋ ಮರಾಠಿಯೋ, ಅದನ್ನೂ ಬರೆ. ಒಂದೇ ಜಾಗಕ್ಕೆ ಎರಡು ಹೆಸರು ಸಿಕ್ಕಿದರೆ ಎರಡನ್ನೂ ಇಡು, ಯಾವುದು ಮೂಲ ಅಂತ ಅಲ್ಲೇ ತೀರ್ಮಾನ ಮಾಡಬೇಡ.

ಶಿಷ್ಯೆ: ಬೈಲು ಅಂತ ಮುಗಿಯುವ ಹೆಸರಿನ ಕಡೆಗಳಲ್ಲಿ ಈಗ ಗದ್ದೆಯೇ ಕಾಣುವುದಿಲ್ಲ. ಹೆಚ್ಚಿನವು ಅಡಿಕೆ ತೋಟವಾಗಿವೆ.

ಮಾಷ್ಟ್ರು: ಅದಕ್ಕೊಂದು ಬೇರೆ ಕಾಲಂ ಹಾಕು. ಹೆಸರಿನ ತುದಿಯಲ್ಲಿ ಏನಿದೆ, ನೆಲದಲ್ಲಿ ಈಗ ಏನಿದೆ, ಎರಡನ್ನೂ ಎದುರುಬದುರು ಬರೆ. ಗದ್ದೆ ಯಾವಾಗ ತೋಟವಾಯಿತು ಅಂತ ಆ ಮನೆಯವರಿಗೆ ನೆನಪಿದ್ದರೆ ವರ್ಷವನ್ನೂ ಸೇರಿಸು. ಮಧುವಾಹಿನಿಯ ಈ ದಡದಿಂದಲೇ ಶುರುಮಾಡಿ, ಉಳಿಯತ್ತಡ್ಕದ ವರೆಗೆ ಹೋಗಿ. ಮಳೆ ಹಿಡಿಯುವ ಮೊದಲು ಹೋದರೆ ಅಡ್ಕ ಯಾವುದು, ತಗ್ಗು ಯಾವುದು ಕಣ್ಣಿಗೇ ಕಾಣುತ್ತದೆ.